ಅವ್ವನ ದನಿ, ಇಳಕಲ್ ಸೀರೆ

1994ರಲ್ಲಿ ನನ್ನ ಬಾಣಂತನಕ್ಕೆಂದು ಕಲಬುರಗಿಯಿಂದ ತಾರ್ನಾಕಕ್ಕೆ ಬಂದಿದ್ದ ಅವ್ವ, ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಬೀಸುಕಲ್ಲಿನ ಪದ ಹಾಡುತ್ತಿದ್ದಳು. ನಮ್ಮವರು ಅವನ್ನು ಎರಡು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟರು. ಈಗ ಅವ್ವ ಇಲ್ಲ. ಒಂದು ಕ್ಯಾಸೆಟ್ಟೂ ಇಲ್ಲ. ಅದನ್ನು ಕಳೆದವಳು ನಾನೇ.

2008ರಲ್ಲಿ ಒಂದು ಅಂಗಡಿಗೆ ಕೊಟ್ಟು, "ಮೊಬೈಲಿನಲ್ಲಿ ಹಿಡಿಸುವಷ್ಟು ಚಿಕ್ಕದು ಮಾಡಿಕೊಡಿ" ಎಂದೆ. ಎಂಪಿ3 ಸಿಕ್ಕಿತು. ಬೂಷ್ಟು ಹಿಡಿದಿದ್ದ ಕ್ಯಾಸೆಟ್ಟನ್ನು ಕಸಕ್ಕೆ ಹಾಕಿದೆ. ಆ ಎಂಪಿ3ಯನ್ನು ತಂಗಿ ಬೇರೊಂದು ರೂಪಕ್ಕೆ ಬದಲಿಸಿದಳು. ಅವಳ ಮಗಳು ಅದನ್ನೇ ಮತ್ತೆ ಎಂಪಿ3 ಮಾಡಿ ನನಗೆ ಕಳಿಸಿದಳು. ಕೇಳಿದರೆ ಅವ್ವ ಬಾವಿಯೊಳಗೆ ಕುಳಿತು ಹಾಡಿದಂತಿತ್ತು.

"ಅಮ್ಮಾ, ಎಂಪಿ3 ಎಂದರೆ ದನಿಯನ್ನು ಕತ್ತರಿಸಿ ಚಿಕ್ಕದು ಮಾಡುವುದು. ದೊಡ್ಡ ಸದ್ದಿನ ಮರೆಯಲ್ಲಿ ಕಿವಿಗೆ ಬೀಳದ ಸಣ್ಣ ಸದ್ದುಗಳನ್ನು ಅದು ತೆಗೆದುಹಾಕುತ್ತದೆ. ಪ್ರತಿ ಸಲ ಬದಲಿಸಿದಾಗಲೂ ಇನ್ನಷ್ಟು ಹೋಗುತ್ತದೆ" ಎಂದ ಮಗ. ನನ್ನ ಬಿ.ಎ. ಇಂಗ್ಲಿಷ್ ಇದಕ್ಕೆ ಸಾಲಲಿಲ್ಲ. ಸೀರೆಯ ಲೆಕ್ಕದಲ್ಲಿ ಯೋಚಿಸಿದಾಗ ಅರ್ಥವಾಯಿತು.

ಇಳಕಲ್ ಸೀರೆಯನ್ನು ಪೆಟ್ಟಿಗೆಯಲ್ಲಿ ಹಾಗೆಯೇ ಹರಡಿಟ್ಟರೆ ಅದು 'ವೇವ್' ಫೈಲು. ಜಾಗ ಬಹಳ ಬೇಕು. ಅಚ್ಚುಕಟ್ಟಾಗಿ ಮಡಚಿಟ್ಟರೆ 'ಫ್ಲಾಕ್'. ಬಿಡಿಸಿದರೆ ಸೆರಗು, ಅಂಚು ಎಲ್ಲವೂ ಇದ್ದ ಹಾಗೆಯೇ. ಪೆಟ್ಟಿಗೆ ಚಿಕ್ಕದೆಂದು ಸೆರಗನ್ನೇ ಕತ್ತರಿಸಿದರೆ ಅದು ಎಂಪಿ3. ಕತ್ತರಿಸಿದ ಸೀರೆಯನ್ನು ದೊಡ್ಡ ಪೆಟ್ಟಿಗೆಗೆ ಹಾಕಿದರೆ ಸೆರಗು ಮರಳಿ ಬರುವುದೇ? ಹಾಗೆಯೇ, ಎಂಪಿ3ಯನ್ನು ವೇವ್ ಮಾಡಿದರೆ ಫೈಲು ದಪ್ಪವಾದೀತು, ಹೋದ ದನಿ ಬಾರದು.

ಎರಡನೆಯ ಕ್ಯಾಸೆಟ್ಟಿಗೆ ಈ ಗತಿ ಬರಲಿಲ್ಲ. ಹಳೆಯ ಟೇಪ್ ರೆಕಾರ್ಡರಿನ ಹೆಡ್ ಒರೆಸಿ, ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, 'ಆಡಾಸಿಟಿ' ಎಂಬ ಉಚಿತ ತಂತ್ರಾಂಶದಲ್ಲಿ ಮಗ ರೆಕಾರ್ಡ್ ಮಾಡಿದ. ದನಿಯ ಮಟ್ಟ ಕೆಂಪು ಗೆರೆ ಮುಟ್ಟದಂತೆ ನೋಡಿಕೊಂಡ. ಮುಟ್ಟಿದರೆ ದನಿ ಒಡೆಯುತ್ತದೆ, ಆಮೇಲೆ ಸರಿಪಡಿಸುವುದು ಕಷ್ಟ. ಸಿ.ಡಿ.ಯ ಗುಣಮಟ್ಟವೆಂದರೆ ಸೆಕೆಂಡಿಗೆ 44,100 ಮಾದರಿ, 16 ಬಿಟ್. ಆ ಲೆಕ್ಕದಲ್ಲಿ ಒಂದು ಗಂಟೆಯ ಕ್ಯಾಸೆಟ್ಟಿಗೆ ವೇವ್‌ನಲ್ಲಿ 600 ಎಂ.ಬಿ.ಗೂ ಹೆಚ್ಚು ಬೇಕು. ಫ್ಲಾಕ್‌ನಲ್ಲಿ ಸಾಮಾನ್ಯವಾಗಿ ಅದರ ಅರ್ಧದ ಆಸುಪಾಸು ಸಾಕು. 128 ಕೆ.ಬಿ.ಪಿ.ಎಸ್. ಎಂಪಿ3ಗಾದರೆ 60 ಎಂ.ಬಿ.ಯೊಳಗೆ ಮುಗಿಯುತ್ತದೆ. ನಾನು ಮರುಳಾದದ್ದು ಆ ಉಳಿತಾಯಕ್ಕೇ!

ಎಂಪಿ3 ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮೆಟ್ರೋದಲ್ಲಿ ಕೇಳಲು ಅದು ಸಾಕು. ಆದರೆ ಅದನ್ನು ಪ್ರತಿ ಸಲವೂ ಮೂಲ ಫ್ಲಾಕ್‌ನಿಂದಲೇ ಮಾಡಿಕೊಳ್ಳಿ, ನಕಲಿನ ನಕಲು ಬೇಡ. ಗೊರಗೊರ ಸದ್ದು ತೆಗೆಯುವುದಿದ್ದರೂ ಬೇರೆ ಪ್ರತಿಯಲ್ಲಿ ತೆಗೆಯಿರಿ. ಮೂಲವನ್ನು ಎರಡು ಕಡೆ ಇಡಿ. ನಮ್ಮದು ಒಂದು ಇಲ್ಲಿದೆ, ಇನ್ನೊಂದು ಕಲಬುರಗಿಯಲ್ಲಿ ತಂಗಿಯ ಬಳಿ ಇದೆ. ಕ್ಯಾಸೆಟ್ಟನ್ನಂತೂ ಎಸೆಯಲೇಬೇಡಿ.

ಮಕ್ಕಳೇ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಆಫೀಸಿನಲ್ಲಿ ಇಂಗ್ಲಿಷ್ ಆಡುತ್ತಾ ಬೆಳೆದವರು ನೀವು. ನಿಮ್ಮ ಅಜ್ಜಿಯ ಊರಿನ ಕನ್ನಡ ನಿಮ್ಮ ಮನೆಯ ಯಾವುದೋ ಡಬ್ಬಿಯಲ್ಲಿ ಸುತ್ತಿಕೊಂಡು ಕುಳಿತಿರಬಹುದು. ಈ ರಜೆಯಲ್ಲಿ ಅಟ್ಟ ಹತ್ತಿ ಹುಡುಕಿ. ಫೈಲು ಬದಲಿಸುವ ವಿದ್ಯೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಯಾವುದನ್ನು ಎಸೆಯಬಾರದು ಎಂಬುದನ್ನು ಮಾತ್ರ ನನ್ನಿಂದ ಕಲಿಯಿರಿ.

ಎರಡನೆಯ ಕ್ಯಾಸೆಟ್ಟಿನ ನಡುವೆ ಅವ್ವ ಪದ ನಿಲ್ಲಿಸಿ, "ಹಾಲು ಉಕ್ಕಲಿಕ್ಹತ್ತದ, ನೋಡವ್ವ" ಎನ್ನುತ್ತಾಳೆ. ಹಿಂದೆಯೇ ನಾನು ಓಡುವ ಬಳೆಯ ಸದ್ದು ಸಣ್ಣಗೆ ಕೇಳುತ್ತದೆ.