ರಕ್ತದೊಳಗಿನ ನಾಲ್ಕು ಕೋಟಿ ಕಿಲೋಮೀಟರ್

ಲ್ಯಾಬ್ ರಿಪೋರ್ಟಿನಲ್ಲಿ ‘ಟೋಟಲ್ ಕೊಲೆಸ್ಟರಾಲ್ 200’ ಎಂದು ಕಂಡರೆ ಎದೆ ಧಸಕ್ಕೆನ್ನುತ್ತದೆ. 200 ಅಂದರೆ ಎಷ್ಟು ಎಂದು ಕೇಳುವವರು ಮಾತ್ರ ಕಡಿಮೆ. ರಕ್ತಕಣಗಳನ್ನು ಬೇರ್ಪಡಿಸಿದರೆ ಉಳಿಯುವ ಹಳದಿ ದ್ರವ ಪ್ಲಾಸ್ಮಾ. ಅದರ 100 ಎಂಎಲ್‌ನಲ್ಲಿ 200 ಮಿಲಿಗ್ರಾಂ ಕೊಲೆಸ್ಟರಾಲ್ ಇದೆ ಎಂಬುದು ಆ ಸಾಲಿನ ಅರ್ಥ. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ, ಅದರಲ್ಲಿ ಪ್ಲಾಸ್ಮಾ ಸುಮಾರು 3 ಲೀಟರ್. ಗುಣಿಸಿ ನೋಡಿದರೆ ಸಿಗುವುದು 6 ಗ್ರಾಂ. ಒಂದು ಸಣ್ಣ ಚಮಚ ತುಪ್ಪದಷ್ಟು ತೂಕ, ಅಷ್ಟೇ. 160 ಇರುವ ನಿಶ್ಚಿಂತ ಮನುಷ್ಯನಿಗೂ 240 ಇರುವ ಆತಂಕದ ಮನುಷ್ಯನಿಗೂ ನಡುವೆ ಇರುವ ವ್ಯತ್ಯಾಸ 2.4 ಗ್ರಾಂ. ಡಾಕ್ಟರು ಹುಬ್ಬು ಗಂಟಿಕ್ಕುವುದು ಈ 2.4 ಗ್ರಾಂ ವಿಚಾರಕ್ಕೆ.

ಇಷ್ಟು ಕಡಿಮೆ ಪದಾರ್ಥ ಇಷ್ಟು ದೊಡ್ಡ ಅನಾಹುತ ಮಾಡುವುದು ಹೇಗೆ? ಅದು ಎಷ್ಟು ಚೂರಾಗಿ ಹಂಚಿಹೋಗಿದೆ ಎಂಬುದನ್ನು ನೋಡಬೇಕು.

ಕೊಲೆಸ್ಟರಾಲ್ ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಅದನ್ನು ಪೊಟ್ಟಣ ಕಟ್ಟಿ ರಕ್ತದಲ್ಲಿ ತೇಲಿಬಿಡಬೇಕು. ನಾವು ‘ಕೆಟ್ಟ ಕೊಲೆಸ್ಟರಾಲ್’ ಎಂದು ಬೈಯುವ ಎಲ್‌ಡಿಎಲ್ ಅಂಥ ಒಂದು ಪೊಟ್ಟಣ. ಅಡ್ಡಳತೆ ಸುಮಾರು 22 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರ್ ಉದ್ದಕ್ಕೆ ಸಾಲಾಗಿ 45 ಸಾವಿರ ಕೂರುತ್ತವೆ. ಇಷ್ಟು ಸಣ್ಣದರೊಳಗೆ ಎರಡು ಸಾವಿರದಷ್ಟು ಕೊಲೆಸ್ಟರಾಲ್ ಅಣುಗಳು. ಸುತ್ತ ಬಿಗಿಯಾಗಿ ತಬ್ಬಿಕೊಂಡ ಒಂದೇ ಒಂದು ದೈತ್ಯ ಪ್ರೋಟೀನು, ಅದರಲ್ಲಿ 4,536 ಅಮೈನೋ ಆಮ್ಲಗಳು. ಸಾಧಾರಣ ಎಲ್‌ಡಿಎಲ್ ಮಟ್ಟ ಇರುವ ಒಬ್ಬರ ಮೈಯಲ್ಲಿ ಇಂಥ ಪೊಟ್ಟಣಗಳು ಎಷ್ಟು ಎಂದರೆ 18ರ ಮುಂದೆ 17 ಸೊನ್ನೆ. ನಮ್ಮ ಎಣಿಕೆಯಲ್ಲಿ 18 ಸಾವಿರ ಕೋಟಿ ಕೋಟಿ. ಕೋಟಿಯನ್ನು ಎರಡು ಸಲ ಬರೆದದ್ದು ಕೈತಪ್ಪಲ್ಲ.

ಒಂದರ ಹಿಂದೆ ಒಂದರಂತೆ ಪೋಣಿಸಿದರೆ ಆ ಸರದ ಉದ್ದ ಸುಮಾರು 4 ಕೋಟಿ ಕಿಲೋಮೀಟರ್. ಚಂದ್ರ ಇರುವುದು 3.84 ಲಕ್ಷ ಕಿಲೋಮೀಟರ್ ದೂರದಲ್ಲಿ. 50 ಸಲ ಹೋಗಿ 50 ಸಲ ಬರುವಷ್ಟು ಉದ್ದದ ಸರ ನಮ್ಮೊಳಗೆ ಸುತ್ತುತ್ತಿದೆ, ಅದರೊಳಗಿರುವ ಕೊಲೆಸ್ಟರಾಲಿನ ತೂಕ ಮಾತ್ರ ಮೂರು ಗ್ರಾಂ ಆಸುಪಾಸು.

ಸುತ್ತುತ್ತಿದೆ ಎಂದದ್ದು ಅಲಂಕಾರಕ್ಕಲ್ಲ. ಹೃದಯ ನಿಮಿಷಕ್ಕೆ 5 ಲೀಟರ್ ತಳ್ಳುತ್ತದೆ; ಮೈಯ ರಕ್ತವೆಲ್ಲ ನಿಮಿಷಕ್ಕೊಮ್ಮೆ ಒಂದು ಸುತ್ತು ಮುಗಿಸುತ್ತದೆ, ದಿನಕ್ಕೆ 1,440 ಸುತ್ತು. ಒಂದು ಎಲ್‌ಡಿಎಲ್ ಕಣ ರಕ್ತದಲ್ಲಿ ಎರಡೂವರೆಯಿಂದ ಮೂರು ದಿನ ಇರುತ್ತದೆ, ಕಡಿಮೆಯೆಂದರೂ 3,600 ಸುತ್ತು. ಹೃದಯ ತಳ್ಳುವ ರಕ್ತದಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಹೃದಯದ ಸ್ವಂತ ರಕ್ತನಾಳಗಳಿಗೆ, ಆ ಮೂರ್ನಾಲ್ಕು ಮಿಲಿಮೀಟರ್ ಅಗಲದ ಕೊರೋನರಿಗಳಿಗೆ ಹೋಗುತ್ತದೆ. ಅಂದರೆ ಒಂದೊಂದು ಕಣವೂ ತನ್ನ ಪುಟ್ಟ ಆಯುಸ್ಸಿನಲ್ಲಿ ಸರಾಸರಿ 180 ಸಲ ಅಲ್ಲಿ ಹಾಯುತ್ತದೆ. ಹೆಚ್ಚುಕಡಿಮೆ ಎಲ್ಲವೂ ಸುಮ್ಮನೆ ಹಾದುಹೋಗುತ್ತವೆ. ಯಾವುದೋ ಒಂದು ಗೋಡೆಯೊಳಗೆ ನುಸುಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದನ್ನು ನುಂಗಲು ಬಂದ ಬಿಳಿ ರಕ್ತಕಣ ತಾನೇ ಕೊಬ್ಬು ತುಂಬಿ ಅಲ್ಲಿ ಕುಳಿತುಬಿಡುತ್ತದೆ. ಅಪಾಯ ಇರುವುದು ಚಮಚದ ತೂಕದಲ್ಲಲ್ಲ, ಈ ಹಾಯುವಿಕೆಯ ಲೆಕ್ಕದಲ್ಲಿ. ಎಷ್ಟು ಕಣ, ಎಷ್ಟು ವರ್ಷ: ಪ್ರಶ್ನೆ ಇವೆರಡೇ.

ಕೊಲೆಸ್ಟರಾಲನ್ನೇ ಖಳನಾಯಕ ಮಾಡುವುದೂ ತಪ್ಪು. ಮೈತೂಕದಲ್ಲಿ ನೂರಕ್ಕೆ ಎರಡರಷ್ಟಿರುವ ಮಿದುಳು ಮೈಯಲ್ಲಿರುವ ಒಟ್ಟು ಕೊಲೆಸ್ಟರಾಲಿನ ಕಾಲು ಭಾಗವನ್ನು ಹಿಡಿದಿಟ್ಟುಕೊಂಡಿದೆ. ಬೇಕಾದದ್ದನ್ನು ದೇಹವೇ ದಿನಕ್ಕೆ ಸುಮಾರು ಒಂದು ಗ್ರಾಂನಂತೆ, ಮೂವತ್ತಕ್ಕೂ ಹೆಚ್ಚು ರಾಸಾಯನಿಕ ಹಂತಗಳಲ್ಲಿ ತಯಾರಿಸಿಕೊಳ್ಳುತ್ತದೆ. ಆ ಹಂತಗಳಲ್ಲಿ ಒಂದನ್ನು ತಡೆಯುವ ವಸ್ತುವಿಗಾಗಿ 1970ರ ದಶಕದ ಆರಂಭದಲ್ಲಿ ಜಪಾನಿನ ಅಕಿರಾ ಎಂಡೊ ಸುಮಾರು ಆರು ಸಾವಿರ ಸೂಕ್ಷ್ಮಜೀವಿಗಳನ್ನು ಒಂದೊಂದಾಗಿ ಜಾಲಾಡಿದರು. ಕೊನೆಗೆ ಸಿಕ್ಕಿದ್ದು ಪೆನಿಸಿಲಿಯಂ ಸಿಟ್ರಿನಮ್ ಎಂಬ ಬೂಷ್ಟಿನಲ್ಲಿ. ಇವತ್ತು ಕೋಟಿಗಟ್ಟಲೆ ಜನ ರಾತ್ರಿ ನುಂಗುವ ಸ್ಟ್ಯಾಟಿನ್ ಮಾತ್ರೆಯ ಮೂಲ ಅದು.

ಹಾಗಾದರೆ ತಿಂಡಿಯ ಪಾತ್ರವೇನು? ಊಟತಿಂಡಿಯಿಂದ ಒಳಬರುವ ಕೊಲೆಸ್ಟರಾಲ್ ದಿನಕ್ಕೆ ಕೆಲವು ನೂರು ಮಿಲಿಗ್ರಾಂ. ಅದರಲ್ಲೂ ರಕ್ತಕ್ಕೆ ಸೇರುವುದು ಅರ್ಧದಷ್ಟು. ಆದ್ದರಿಂದ ಎಣ್ಣೆ ಪ್ಯಾಕೆಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆಯುವ ‘ಕೊಲೆಸ್ಟರಾಲ್ ರಹಿತ’ ಎಂಬುದು ಅರ್ಥವಿಲ್ಲದ ಸತ್ಯ. ಯಾವ ಸಸ್ಯದೆಣ್ಣೆಯಲ್ಲೂ ಅದು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ನಿಜವಾದ ಆಟ ನಡೆಯುವುದು ಯಕೃತ್ತಿನಲ್ಲಿ. ಅದರ ಜೀವಕೋಶಗಳ ಮೇಲೆ ಎಲ್‌ಡಿಎಲ್ ಹಿಡಿಯುವ ಗ್ರಾಹಕಗಳಿವೆ. ಅವನ್ನು ಪತ್ತೆ ಮಾಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್‌ಗೆ 1985ರಲ್ಲಿ ನೊಬೆಲ್ ಬಂತು. ಒಂದು ಗ್ರಾಹಕ ಎಲ್‌ಡಿಎಲ್ ಕಣವನ್ನು ಹಿಡಿದು ಒಳಗೆ ಮುಳುಗಿ, ಬಿಟ್ಟು ಮತ್ತೆ ಮೇಲೆ ಬರಲು ಹತ್ತು ನಿಮಿಷ ಸಾಕು. ಅದರ ಆಯುಸ್ಸು ಸುಮಾರು 20 ಗಂಟೆ. ನೂರಕ್ಕೂ ಹೆಚ್ಚು ಸರದಿ ದುಡಿದು ಸಾಯುತ್ತದೆ. ಸ್ಯಾಚುರೇಟೆಡ್ ಕೊಬ್ಬು ಹೆಚ್ಚು ತಿಂದರೆ ಈ ಗ್ರಾಹಕಗಳ ಸಂಖ್ಯೆ ಇಳಿಯುತ್ತದೆ. ಹಿಡಿಯುವವರಿಲ್ಲದೆ ಕಣಗಳು ಇನ್ನಷ್ಟು ಸುತ್ತು ಹೊಡೆಯುತ್ತವೆ.

ಸಂಜೆ ನಾಲ್ಕಕ್ಕೆ ಕಾಫಿಯ ಜೊತೆ ಕೈಗೆ ಬರುವ ಪಫ್ಸನ್ನು ಹತ್ತಿರದಿಂದ ನೋಡಿ. ಶಾಸ್ತ್ರೋಕ್ತವಾಗಿ ಮಾಡಿದರೆ ಹಿಟ್ಟಿನ ಹಾಳೆಯೊಳಗೆ ಕೊಬ್ಬಿನ ಹಾಳೆಯಿಟ್ಟು ಮೂರು ಮಡಿಕೆ ಹಾಕಿ ಲಟ್ಟಿಸುತ್ತಾರೆ, ಹೀಗೆ ಆರು ಸಲ. ಮೂರನ್ನು ಆರು ಸಲ ಗುಣಿಸಿದರೆ 729. ಅಷ್ಟು ಪದರ ಕೊಬ್ಬು, ನಡುನಡುವೆ ಅಷ್ಟೇ ಪದರ ಹಿಟ್ಟು. ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿದ ಹಾಳೆಯಲ್ಲಿ ಒಂದು ಪದರ ಸುಮಾರು ಮೂರು ಮೈಕ್ರಾನ್, ಲೆಕ್ಕದ ಪ್ರಕಾರ ಕೆಂಪು ರಕ್ತಕಣದ ಅಗಲದ ಅರ್ಧಕ್ಕಿಂತಲೂ ಕಡಿಮೆ. ಬಾಯಲ್ಲಿ ಗರಿಗರಿ ಎನ್ನುವುದು ಈ 729ರ ಮಹಿಮೆ. ಒಂದಾನೊಂದು ಕಾಲದಲ್ಲಿ ಅಲ್ಲಿ ಬೆಣ್ಣೆ ಇರುತ್ತಿತ್ತು. ಅಗ್ಗದ ಬೇಕರಿಗಳಲ್ಲಿ ಅದರ ಜಾಗಕ್ಕೆ ಬಂದದ್ದು ವನಸ್ಪತಿ, ಮಾರ್ಗರೀನು. ಅವುಗಳಲ್ಲಿ ಇರುತ್ತಿದ್ದ ಟ್ರಾನ್ಸ್ ಕೊಬ್ಬಿನ ಮೇಲಿನ ಮಿತಿಯನ್ನು ಭಾರತ 5ರಿಂದ 3ಕ್ಕೆ, 2022ರ ಜನವರಿಯಿಂದ ಶೇ 2ಕ್ಕೆ ಇಳಿಸಿದ್ದು ಇದೇ ಕಾರಣಕ್ಕೆ. ಒಳ್ಳೆಯ ಕೆಲಸ. ಆದರೆ ಟ್ರಾನ್ಸ್ ಹೋದರೂ ಪದರಗಳು ನಿಲ್ಲಬೇಕಾದರೆ ಗಟ್ಟಿ ಕೊಬ್ಬು ಬೇಕೇ ಬೇಕು. ಗಟ್ಟಿ ಎಂದರೆ ಬಹುಪಾಲು ಸ್ಯಾಚುರೇಟೆಡ್ ಎಂದೇ.

ಅದೇ ಕೈಗೆ ಒಂದು ಹಿಡಿ ಕಡಲೆಕಾಯಿ ಬಂದರೆ? 30 ಗ್ರಾಂ ಎಂದರೆ ಐವತ್ತು ಅರವತ್ತು ಬೀಜ. ತೂಕದಲ್ಲಿ ಅರ್ಧದಷ್ಟು ಕೊಬ್ಬೇ, ಆದರೆ ಅದರಲ್ಲಿ ಸ್ಯಾಚುರೇಟೆಡ್ ಏಳರಲ್ಲಿ ಒಂದು ಪಾಲು ಮಾತ್ರ. 2010ರಲ್ಲಿ ಪ್ರಕಟವಾದ, 25 ಪ್ರಯೋಗಗಳನ್ನು ಒಟ್ಟು ಸೇರಿಸಿದ ವಿಶ್ಲೇಷಣೆಯಲ್ಲಿ ದಿನಕ್ಕೆ ಸರಾಸರಿ 67 ಗ್ರಾಂ ಬೀಜಗಳನ್ನು ತಿಂದವರ ಎಲ್‌ಡಿಎಲ್ ಶೇ 7.4ರಷ್ಟು ಇಳಿದಿತ್ತು. 67 ಗ್ರಾಂ ಎಂದರೆ ಎರಡು ಹಿಡಿ, 400 ಕ್ಯಾಲೊರಿಯ ಹತ್ತಿರ. ಪಫ್ಸ್ ತಿಂದು ಅದರ ಮೇಲೆ ಇದನ್ನೂ ತಿನ್ನುವವರಿಗೆ ಈ ಲೆಕ್ಕ ಅನ್ವಯಿಸದು. ಅಲ್ಲದೆ ಉಪ್ಪು, ಒಗ್ಗರಣೆ ಸುರಿದು ಮಾಡಿದ ಕಾಂಗ್ರೆಸ್ ಕಡಲೆಬೀಜದ ಪೊಟ್ಟಣ ಒಂದೇ ಸಲಕ್ಕೆ ಖಾಲಿಯಾಗುವ ಗುಣದ್ದು ಎಂಬುದನ್ನು ಬೆಂಗಳೂರಿಗರಿಗೆ ನೆನಪಿಸಬೇಕಿಲ್ಲ. ಸಿಪ್ಪೆ ಸಮೇತ ಬೇಯಿಸಿದ ಕಾಯಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ: ಬಿಡಿಸಿ ತಿನ್ನಲು ಹೊತ್ತು ಹಿಡಿಯುತ್ತದೆ.

ನಾರಿನ ಲೆಕ್ಕ ಇನ್ನೂ ಸ್ವಾರಸ್ಯದ್ದು. ಯಕೃತ್ತು ಕೊಲೆಸ್ಟರಾಲಿನಿಂದ ಪಿತ್ತಾಮ್ಲ ಮಾಡುತ್ತದೆ. ಮೈಯಲ್ಲಿರುವ ಒಟ್ಟು ಪಿತ್ತಾಮ್ಲ ಎರಡರಿಂದ ನಾಲ್ಕು ಗ್ರಾಂ. ಅದೇ ಅಷ್ಟನ್ನು ಕರುಳಿಗೆ ಸುರಿದು, ಹೀರಿ, ಮತ್ತೆ ಸುರಿದು, ದಿನಕ್ಕೆ ಆರರಿಂದ ಹತ್ತು ಸಲ ಬಳಸುತ್ತದೆ. ಪ್ರತಿ ಸಲ ಶೇ 95ಕ್ಕೂ ಹೆಚ್ಚನ್ನು ವಾಪಸು ಪಡೆಯುತ್ತದೆ. ಸರ್ಕಾರದ ಯಾವ ಇಲಾಖೆಗೂ ಇಂಥ ವಸೂಲಿ ಸಾಧ್ಯವಾಗಿಲ್ಲ. ದಿನಕ್ಕೆ ಕಳೆದುಹೋಗುವುದು ಅರ್ಧ ಗ್ರಾಂನಷ್ಟು. ಲೋಳೆಯಂಥ ನಾರು ಮಾಡುವುದಿಷ್ಟೇ: ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಕಳೆದದ್ದನ್ನು ತುಂಬಿಕೊಳ್ಳಲು ಯಕೃತ್ತಿಗೆ ಕೊಲೆಸ್ಟರಾಲ್ ಬೇಕು. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನೇ ಹಿಡಿದು ಎಳೆದುಕೊಳ್ಳುತ್ತದೆ.

ಈ ಸಂಗತಿಯನ್ನು ತಟ್ಟೆಗೆ ತಂದವರು ಟೊರೊಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್. 2003ರಲ್ಲಿ ಅವರು 46 ಜನರನ್ನು ಮೂರು ಗುಂಪು ಮಾಡಿ ಒಂದು ತಿಂಗಳು ತಿನ್ನಿಸಿ ನೋಡಿದರು. ಕಡಿಮೆ ಸ್ಯಾಚುರೇಟೆಡ್ ಕೊಬ್ಬಿನ ಮಾಮೂಲಿ ಪಥ್ಯದವರ ಎಲ್‌ಡಿಎಲ್ ಶೇ 8 ಇಳಿಯಿತು. ಅದೇ ಪಥ್ಯದ ಜೊತೆ ಸ್ಟ್ಯಾಟಿನ್ ನುಂಗಿದವರದು 30.9. ಬಾದಾಮಿ, ಸೋಯಾ, ಓಟ್ಸ್, ಬಾರ್ಲಿ, ಸಸ್ಯ ಸ್ಟೆರಾಲ್ ಬೆರೆಸಿದ ಮಾರ್ಗರೀನು, ಇಸಬ್‌ಗೋಲ್, ಬೆಂಡೆಕಾಯಿ, ಬದನೆಕಾಯಿ ತಿಂದವರದು 28.6. ಟೊರೊಂಟೊದ ಪ್ರಯೋಗಾಲಯದ ಪಟ್ಟಿಯಲ್ಲಿ ಬೆಂಡೆ, ಬದನೆ! ಇಸಬ್‌ಗೋಲನ್ನು ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆಯುವುದೂ ಭಾರತವೇ. ನಾವಾದರೋ ಬೆಂಡೆಕಾಯಿಯನ್ನು ಒರೆಸಿ, ಆರಿಸಿ, ಹುಳಿ ಹಿಂಡಿ, ಕೊನೆಗೆ ಎಣ್ಣೆಯಲ್ಲಿ ಹುರಿದು ಲೋಳೆ ಹೋಗಿಸುವುದನ್ನೇ ಅಡುಗೆಯ ಜಾಣ್ಮೆ ಎಂದುಕೊಂಡಿದ್ದೇವೆ. ಜೆಂಕಿನ್ಸ್‌ಗೆ ಬೇಕಾಗಿದ್ದದ್ದು ಆ ಲೋಳೆಯೇ.

ತಿಂಗಳ ಮಟ್ಟಿಗೆ, ಊಟದ ಬಹುಪಾಲನ್ನು ಪ್ರಯೋಗಾಲಯವೇ ಕೊಟ್ಟಾಗ 28 ಇಳಿಯಿತು ಸರಿ. ಮನೆ, ಕಚೇರಿ, ಮದುವೆಮನೆಗಳ ನಡುವೆ ಅಷ್ಟಾಗದು. 10, ಬಹಳವೆಂದರೆ 15 ಎಂದಿಟ್ಟುಕೊಳ್ಳಿ. ಇಷ್ಟಕ್ಕಾಗಿ ಪಫ್ಸ್ ಬಿಡಬೇಕೇ ಎಂದು ಕೇಳುವವರು 2006ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನವನ್ನು ನೋಡಬೇಕು. ಪಿಸಿಎಸ್‌ಕೆ9 ಎಂಬ ಜೀನಿನಲ್ಲಿ ಸಣ್ಣ ಲೋಪವಿದ್ದು, ಹುಟ್ಟಿನಿಂದಲೇ ಎಲ್‌ಡಿಎಲ್ ಶೇ 15 ಕಡಿಮೆ ಇದ್ದ ಬಿಳಿಯರಲ್ಲಿ ಹೃದ್ರೋಗ ಶೇ 47 ಕಡಿಮೆ ಇತ್ತು. ಶೇ 28 ಕಡಿಮೆ ಇದ್ದ ಕಪ್ಪು ವರ್ಣೀಯರಲ್ಲಿ ಶೇ 88 ಕಡಿಮೆ. ನಡುವಯಸ್ಸು ದಾಟಿದ ಮೇಲೆ ಮಾತ್ರೆಯಿಂದ ಎಲ್‌ಡಿಎಲ್ಲನ್ನು 39 ಮಿಲಿಗ್ರಾಂನಷ್ಟು ಇಳಿಸಿದರೆ ಅಪಾಯ ಇಳಿಯುವುದು ಐದರಲ್ಲಿ ಒಂದು ಪಾಲು. ಮೊದಲಿನಿಂದ ಇಳಿದಿದ್ದರೆ, ಅದಕ್ಕಿಂತ ಸಣ್ಣ ಇಳಿಕೆಗೂ ಅರ್ಧ. ಮಾಯೆಯೆಲ್ಲ ವರ್ಷಗಳದು.

ಎಲ್‌ಡಿಎಲ್ ಮಟ್ಟವನ್ನು ವಯಸ್ಸಿನಿಂದ ಗುಣಿಸಿ ನೋಡುವ ಪದ್ಧತಿ ಹೃದ್ರೋಗ ತಜ್ಞರಲ್ಲಿದೆ. 130 ಇರುವವರು 50ನೇ ವಯಸ್ಸಿಗೆ 6,500 ಕೂಡಿಹಾಕಿರುತ್ತಾರೆ. ಶೇ 15 ಇಳಿಕೆ 30ನೇ ವಯಸ್ಸಿನಲ್ಲಿ ಶುರುವಾದರೆ ಅದೇ 6,500 ಮುಟ್ಟಲು ಐವತ್ಮೂರೂವರೆ ಆಗಬೇಕು. ಬಾಲ್ಯದಿಂದಲೇ ಇದ್ದರೆ 58 ದಾಟಿರುತ್ತದೆ. ಸ್ಕೂಲ್ ಡಬ್ಬಿಯಲ್ಲಿ ಹೆಸರುಕಾಳು ಉಸ್ಲಿಯೋ ಸೀಬೆಹಣ್ಣೋ ಇದ್ದರೆ ಸಿಗುವ ಲಾಭ ಇಂಥದ್ದು. ವಂಶಪಾರಂಪರ್ಯವಾಗಿ ಕೊಲೆಸ್ಟರಾಲ್ ಏರಿರುವ, ಸುಮಾರು 250ಕ್ಕೊಬ್ಬರಂತೆ ಇರುವ ಜನಕ್ಕೆ ಉಸ್ಲಿ ಸಾಲದು. ಅವರಿಗೆ ಔಷಧವೇ ಬೇಕು.

ಇನ್ನು ದೇಶದ ಚಮಚದ ವಿಚಾರ. 1.13 ಲಕ್ಷ ಜನರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಕೊಲೆಸ್ಟರಾಲ್ ಏರಿರುವವರು 21.3 ಕೋಟಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹಾಕಿಕೊಟ್ಟ ಎರಡು ಸಾವಿರ ಕ್ಯಾಲೊರಿಯ ತಟ್ಟೆಯಲ್ಲಿ ಎಣ್ಣೆ-ಕೊಬ್ಬಿಗೆ 27 ಗ್ರಾಂ, ವರ್ಷಕ್ಕೆ ಹತ್ತು ಕಿಲೋ. ನೀತಿ ಆಯೋಗದ ವರದಿಯ ಪ್ರಕಾರ ನಾವು ತಲಾ ಬಳಸುವುದು 19.7 ಕಿಲೋ. ದುಪ್ಪಟ್ಟು. ನೂರ ನಲವತ್ತು ಕೋಟಿ ಜನಕ್ಕೆ ಈ ಹೆಚ್ಚುವರಿಯನ್ನು ಗುಣಿಸಿದರೆ ವರ್ಷಕ್ಕೆ 1.35 ಕೋಟಿ ಟನ್ ದಾಟುತ್ತದೆ.

ಇಡೀ ನಾಡೇ ಬದಲಾಗುವುದು ಆಗದ ಮಾತು ಎನ್ನುವವರಿಗೆ ಫಿನ್ಲೆಂಡಿನ ಉತ್ತರ ಕರೇಲಿಯಾ ಇದೆ. ಬೆಣ್ಣೆ ಬಳಿದ ಬ್ರೆಡ್ಡು, ಕೆನೆಹಾಲಿನ ಈ ಹೈನುಗಾರರ ಸೀಮೆಯ ಗಂಡಸರು ಹೃದಯಾಘಾತದಲ್ಲಿ ಜಗತ್ತಿಗೇ ಮುಂದಿದ್ದರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಯುವ ವೈದ್ಯರ ಮುಂದಾಳತ್ವದಲ್ಲಿ ಕೆಲಸ ಶುರುವಾದಾಗ ಅಲ್ಲಿನ ಗಂಡಸರ ಸರಾಸರಿ ಕೊಲೆಸ್ಟರಾಲ್ 265 ದಾಟಿತ್ತು. 35 ವರ್ಷಗಳ ನಂತರ 210ರ ಆಸುಪಾಸಿಗೆ ಬಂತು. 35ರಿಂದ 64 ವಯಸ್ಸಿನ ಗಂಡಸರಲ್ಲಿ ಲಕ್ಷಕ್ಕೆ ಸುಮಾರು 670 ಇದ್ದ ಹೃದ್ರೋಗದ ಸಾವು ನೂರಕ್ಕೆ ಇಳಿಯಿತು. ಸಿಗರೇಟು, ರಕ್ತದೊತ್ತಡ ಇಳಿದದ್ದೂ ಇದರಲ್ಲಿ ಸೇರಿದೆ. 1990ರ ದಶಕದಲ್ಲಂತೂ ಹಳ್ಳಿ ಹಳ್ಳಿಗಳ ನಡುವೆ ಕೊಲೆಸ್ಟರಾಲ್ ಇಳಿಸುವ ಸ್ಪರ್ಧೆಯೇ ನಡೆಯಿತು: ಊರಿನವರ ರಕ್ತ ಪರೀಕ್ಷಿಸಿ ಸರಾಸರಿ ತೆಗೆಯುವುದು, ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸುವುದು, ಹೆಚ್ಚು ಇಳಿಸಿದ ಊರಿಗೆ ಬಹುಮಾನ. ಬಸವನಗುಡಿಗೂ ಮಲ್ಲೇಶ್ವರಕ್ಕೂ ಇಂಥದ್ದೊಂದು ಪಂದ್ಯ ಇಟ್ಟರೆ ನಾನು ಬಸವನಗುಡಿಯ ಕಡೆ ಪಂಥ ಕಟ್ಟುತ್ತೇನೆ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ಅವರ ಮನೆ ಬಾಗಿಲಲ್ಲೇ ನೆರೆಯುತ್ತದೆ. ಗಾಂಧಿ ಬಜಾರಿನ ಮಸಾಲೆ ದೋಸೆಯ ಮೇಲೆ ಕೂರುವ ಬೆಣ್ಣೆಯನ್ನು ಮಾತ್ರ ಆ ಕೆಲವು ವಾರ ಯಾರಾದರೂ ಕಾವಲು ಕಾಯಬೇಕಾಗುತ್ತದೆ.