ತಡಸದ ಧೂಳು, ಬ್ರೆಜಿಲ್‌ನ ಮೇಣ: ಕಾರಿನ ಮೆರುಗಿಗೆ ಎಷ್ಟು ವೆಚ್ಚ ಯುಕ್ತ?

ಹುಬ್ಬಳ್ಳಿಯಿಂದ ಹಾವೇರಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯಿಂದ ಮುಂಡಗೋಡ-ಶಿರಸಿಯ ರಸ್ತೆ ಕವಲೊಡೆಯುವ ಸ್ಥಳ ಶಿಗ್ಗಾವಿ ತಾಲೂಕಿನ ತಡಸ. ಹಿಂದೆ 4ನೇ ಸಂಖ್ಯೆಯದಾಗಿದ್ದು ಈಗ 48 ಎಂದು ಗುರುತಿಸಲ್ಪಡುವ ಈ ಹೆದ್ದಾರಿಯಲ್ಲಿ ಪುಣೆ-ಬೆಂಗಳೂರು ನಡುವಿನ ಸರಕು ಲಾರಿಗಳು ಹಗಲಿರುಳೆನ್ನದೆ ಓಡುತ್ತವೆ. ಗೋವಿನಜೋಳ, ಹತ್ತಿ, ಬ್ಯಾಡಗಿಯ ಮೆಣಸಿನಕಾಯಿ ಇವೆಲ್ಲವೂ ಇದೇ ದಾರಿಯಲ್ಲಿ ಸಾಗುತ್ತವೆ. ಪೂರ್ವಕ್ಕೆ ಎರೆಭೂಮಿ, ಪಶ್ಚಿಮಕ್ಕೆ ಮಲೆನಾಡಿನ ಸೆರಗು. ಆದ್ದರಿಂದ ಇಲ್ಲಿಯ ಕಾರೊಂದು ವರ್ಷದಲ್ಲಿ ಕಪ್ಪು ಧೂಳು, ಕೆಮ್ಮಣ್ಣಿನ ರಾಡಿ, ಡೀಸೆಲ್ ಮಸಿ, ಬೇಸಿಗೆಯ ಬಿಸಿಲು ಹಾಗೂ ನಾಲ್ಕು ತಿಂಗಳ ಮಳೆ, ಇಷ್ಟನ್ನೂ ಒಂದೇ ಬಣ್ಣದ ಪದರದ ಮೇಲೆ ತಾಳಿಕೊಳ್ಳಬೇಕಾಗುತ್ತದೆ.

ಕಾರು ಮನೆಯ ಶೋಭೆಗಾಗಿ ಮಾತ್ರ ಇದ್ದರೆ ಈ ವಿಷಯಕ್ಕೆ ಅಷ್ಟು ಮಹತ್ವ ಬರುತ್ತಿರಲಿಲ್ಲ. ಆದರೆ ತಡಸ, ಶಿಗ್ಗಾವಿ, ಬಂಕಾಪುರ ಭಾಗದಲ್ಲಿ ಬಾಡಿಗೆ ಕಾರನ್ನೇ ನಂಬಿ ಬದುಕು ಸಾಗಿಸುವವರಿದ್ದಾರೆ. ತಡಸದ ಗಾಯತ್ರಿ ತಪೋಭೂಮಿಗೆ ಭಕ್ತರನ್ನೂ, ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಪ್ರವಾಸಿಗರನ್ನೂ, ಮದುವೆಯ ಹಂಗಾಮಿನಲ್ಲಿ ಬೀಗರನ್ನೂ ಕರೆದೊಯ್ಯುವ ಇವರಿಗೆ ಕಾರೆಂಬುದು ಸಾಲದ ಕಂತಿನ ಮೇಲೆ ನಿಂತಿರುವ ಬಂಡವಾಳ. ನಾಲ್ಕೈದು ವರ್ಷಗಳ ನಂತರ ಅದನ್ನು ಮಾರುವ ದಿನ ಕೊಳ್ಳುವವನ ಕಣ್ಣು ಮೊದಲು ಬೀಳುವುದು ಬಾನೆಟ್ ಹಾಗೂ ಛಾವಣಿಯ ಮೇಲೆ. ಅಲ್ಲಿ ಬಣ್ಣ ಬಿಳಿಚಿಕೊಂಡು ಸಿಪ್ಪೆ ಏಳುತ್ತಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಬೆಲೆ ಇಳಿಯುವುದು ಖಚಿತ.

ಇಂಥ ಮಾಲೀಕನ ಮುಂದೆ ಅಂಗಡಿಯವನು ಎರಡು ಡಬ್ಬಿಗಳನ್ನಿಡುತ್ತಾನೆ. ಒಂದು ದೇಶದಲ್ಲಿಯೇ ತಯಾರಾದದ್ದು. ಮತ್ತೊಂದು ಸಮುದ್ರ ದಾಟಿ ಬಂದದ್ದು, ಬೆಲೆ ನಾಲ್ಕೈದು ಪಟ್ಟು. ಎರಡರ ಮೇಲೆಯೂ 'ಕಾರ್ನೌಬಾ' ಎಂಬ ಒಂದೇ ಹೆಸರು. ಹಾಗಾದರೆ ಈ ಹೆಚ್ಚುವರಿ ಹಣ ಯಾವುದಕ್ಕೆ?

ಡಬ್ಬಿಯೊಳಗೆ ಏನಿದೆ?

ಕಾರ್ನೌಬಾ ಎಂಬುದು ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಬಗೆಯ ತಾಳೆಮರದ ಎಲೆಯಿಂದ ದೊರೆಯುವ ಮೇಣ. ಸಿಯಾರಾ, ಪಿಯಾವಿ ಮುಂತಾದ ಪ್ರಾಂತಗಳ ಒಣಹವೆಯಲ್ಲಿ ನೀರು ಆವಿಯಾಗದಂತೆ ಮರ ತನ್ನ ಎಲೆಗಳ ಮೇಲೆ ತಾನೇ ಹೊದೆದುಕೊಳ್ಳುವ ಕವಚವಿದು. ಎಲೆಗಳನ್ನು ಕೊಯ್ದು, ಒಣಗಿಸಿ, ಬಡಿದು ಉದುರಿಸಿದ ಪುಡಿಯನ್ನು ಕರಗಿಸಿ ಶುದ್ಧಗೊಳಿಸುತ್ತಾರೆ. ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಕಾರ್ನೌಬಾ ಕರಗಲು 82ರಿಂದ 86 ಡಿಗ್ರಿ ಬೇಕು. ಬೇಸಿಗೆಯ ಮಧ್ಯಾಹ್ನ ಗಾಢ ಬಣ್ಣದ ಕಾರಿನ ಬಾನೆಟ್ 70 ಡಿಗ್ರಿಯವರೆಗೂ ಕಾಯುವುದುಂಟಾದ್ದರಿಂದ ಈ ಗುಣಕ್ಕೆ ಬೆಲೆಯಿದೆ. ಇದೇ ಮೇಣವನ್ನು ಬೂಟು ಪಾಲಿಶ್‌ಗೂ, ಮಾತ್ರೆಗಳ ಹೊರಲೇಪಕ್ಕೂ, ಮಕ್ಕಳು ತಿನ್ನುವ ಮಿಠಾಯಿಯ ಹೊಳಪಿಗೂ ಬಳಸುತ್ತಾರೆ.

ಇಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ದೇಶೀಯ ಡಬ್ಬಿಯಲ್ಲಿ ನಿಜವಾಗಿಯೂ ಕಾರ್ನೌಬಾ ಇದ್ದರೆ ಅದೂ ಬ್ರೆಜಿಲ್‌ನಿಂದಲೇ ಬಂದಿರುತ್ತದೆ. ಏಕೆಂದರೆ ಈ ಮೇಣಕ್ಕೆ ಬೇರೆ ತವರಿಲ್ಲ. ಎರಡನೆಯದು, ಶುದ್ಧ ಕಾರ್ನೌಬಾ ಗಾಜಿನಂತೆ ಗಡುಸು, ಬಡಿದರೆ ಚೂರಾಗುತ್ತದೆ. ಅದನ್ನು ಹಾಗೆಯೇ ಕಾರಿಗೆ ಸವರುವುದು ಸಾಧ್ಯವಿಲ್ಲ. ದ್ರಾವಕ, ಎಣ್ಣೆ, ಜೇನುಮೇಣ, ಪ್ಯಾರಾಫಿನ್, ಸಿಲಿಕೋನ್ ಇತ್ಯಾದಿಗಳೊಂದಿಗೆ ಬೆರೆಸಿದಾಗಲೇ ಅದು ಬೆಣ್ಣೆಯಂತಾಗುತ್ತದೆ. ಆದ್ದರಿಂದ 'ನೂರಕ್ಕೆ ನೂರು ಕಾರ್ನೌಬಾ' ಎಂಬ ಘೋಷಣೆಯ ಅರ್ಥ, ಅದರಲ್ಲಿ ಬಳಸಿದ ಕಾರ್ನೌಬಾ ಕಲಬೆರಕೆಯದಲ್ಲ ಎಂದಷ್ಟೇ. ಡಬ್ಬಿಯ ತುಂಬ ಅದೇ ಇದೆ ಎಂದಲ್ಲ. ಈ ಅಂತರವನ್ನು ಗಿರಾಕಿಗೆ ವಿವರಿಸುವ ಅಂಗಡಿಕಾರರು ವಿರಳ.

ಇತ್ತೀಚಿನ ವರ್ಷಗಳಲ್ಲಿ ಮೇಣದ ಜಾಗವನ್ನು ಸಿಂಥೆಟಿಕ್ ಸೀಲಂಟ್‌ಗಳು ಬಹುಮಟ್ಟಿಗೆ ಆಕ್ರಮಿಸಿವೆ. ಇವು ಪಾಲಿಮರ್ ಹಾಗೂ ಸಿಲಿಕೋನ್ ಆಧಾರಿತ ಲೇಪಗಳು. ಮೇಣದ ಬೆಚ್ಚನೆಯ ಕಾಂತಿ ಇವಕ್ಕಿಲ್ಲವೆಂದು ಹವ್ಯಾಸಿಗಳು ದೂರುತ್ತಾರಾದರೂ ಬಾಳಿಕೆಯಲ್ಲಿ ಇವು ಮುಂದಿವೆ. ಇನ್ನು ಸಿರಾಮಿಕ್ ಕೋಟಿಂಗ್ ಎಂಬುದು ತರಬೇತಾದ ಕೈಯಿಂದ, ಧೂಳಿಲ್ಲದ ಕೊಠಡಿಯಲ್ಲಿ ಆಗಬೇಕಾದ ಬೇರೆಯದೇ ವೆಚ್ಚದ ಕೆಲಸ. ಅದರ ಚರ್ಚೆ ಇಲ್ಲಿ ಅಪ್ರಸ್ತುತ.

ಮೇಣದ ಮಿತಿ

ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಅದರ ದಪ್ಪ ಸಾಧಾರಣವಾಗಿ 40ರಿಂದ 50 ಮೈಕ್ರಾನ್. ನಮ್ಮ ತಲೆಗೂದಲಿಗಿಂತ ತೆಳು. ಪಾಲಿಶ್ ಮಾಡಿದಾಗಲೆಲ್ಲ ಇದೇ ಪದರ ಸ್ವಲ್ಪಸ್ವಲ್ಪವಾಗಿ ಸವೆಯುತ್ತದೆ. ಸವೆದದ್ದು ಮತ್ತೆ ಹುಟ್ಟುವುದಿಲ್ಲ. ಪಾಲಿಶ್ ಎಂದರೆ ಉಜ್ಜಿ ತೆಗೆಯುವ ವಸ್ತು, ಮೇಣ ಎಂದರೆ ಮೇಲೆ ಹೊದಿಸುವ ವಸ್ತು. ನಮ್ಮ ಪೇಟೆಯಲ್ಲಿ ಎರಡನ್ನೂ 'ಪಾಲಿಶ್' ಎಂದೇ ಕರೆಯುವ ರೂಢಿಯಿಂದ ಆಗಿರುವ ಹಾನಿ ಕಡಿಮೆಯದಲ್ಲ. ಪ್ರತಿ ತಿಂಗಳೂ 'ಪಾಲಿಶ್' ಹೊಡೆಸಿ ಕಾರನ್ನು ಕಾಪಾಡುತ್ತಿದ್ದೇನೆಂದು ಭಾವಿಸಿದವನು ಅದರ ಕವಚವನ್ನೇ ತಿಂಗಳಿಗಿಷ್ಟರಂತೆ ಕಳೆಯುತ್ತಿರಬಹುದು. ಸ್ವಚ್ಛಗೊಳಿಸುವ ಹಾಗೂ ಮೆರುಗು ನೀಡುವ ಎರಡೂ ಕೆಲಸ ತನ್ನದೆಂದು ಹೇಳುವ ಡಬ್ಬಿಯಲ್ಲಿ ಉಜ್ಜುವ ಸೂಕ್ಷ್ಮ ಪುಡಿ ಇರುವ ಸಂಭವ ಹೆಚ್ಚು. ಹಳೆಯ, ಮಬ್ಬಾದ ಬಣ್ಣಕ್ಕೆ ವರ್ಷಕ್ಕೊಮ್ಮೆ ಅದು ಸರಿ. ಹೊಸ ಕಾರಿಗೆ ಬೇಡ.

ಮೇಣ ಗೀರುಗಳನ್ನು ಅಳಿಸುವುದಿಲ್ಲ, ಕೆಲಕಾಲ ಮರೆಮಾಚುತ್ತದೆ. ಕಲ್ಲೇಟನ್ನು ತಡೆಯುವುದಿಲ್ಲ. ಬಿಸಿಲು, ಹಕ್ಕಿಯ ಹಿಕ್ಕೆ, ಹುಣಸೆ-ಬೇವಿನ ಮರದಡಿ ನಿಲ್ಲಿಸಿದಾಗ ಬೀಳುವ ಅಂಟು ಇವು ನೇರವಾಗಿ ಕ್ಲಿಯರ್ ಕೋಟನ್ನು ಮುಟ್ಟದಂತೆ ಅಡ್ಡ ನಿಂತು ತಾನು ಸವೆಯುವುದೇ ಅದರ ಕೆಲಸ. ಖಂಡೇಪೂಜೆಯ ದಿನ ಬಾನೆಟ್‌ಗೆ ಹಚ್ಚುವ ಅರಿಷಿಣ-ಕುಂಕುಮದ ಕಲೆ ಬಿಳಿ ಕಾರಿನ ಮೇಲೆ ವಾರಗಟ್ಟಲೆ ಉಳಿಯುವುದನ್ನು ಕಂಡವರಿಗೆ, ಹಿಂದಿನ ದಿನವೇ ಮೇಣ ಸವರಿಟ್ಟರೆ ಆ ಕಲೆ ಎಷ್ಟು ಸುಲಭವಾಗಿ ತೊಳೆದುಹೋಗುತ್ತದೆಂಬುದು ಪ್ರಯೋಗ ಮಾಡಿ ನೋಡಬಹುದಾದ ಸಂಗತಿ.

ಹಚ್ಚುವ ಕ್ರಮ

ಮೇಣದ ಅರ್ಧ ಯಶಸ್ಸು ತೊಳೆಯುವುದರಲ್ಲಿದೆ. ಒಣಧೂಳು ಕುಳಿತ ಕಾರನ್ನು ಹಳೆಯ ಧೋತರದಿಂದಲೋ ಬನಿಯನ್ನಿನಿಂದಲೋ ಒರೆಸುವುದೆಂದರೆ ಮರಳುಕಾಗದದಿಂದ ಉಜ್ಜಿದಂತೆಯೇ. ಮೊದಲು ಧಾರಾಳ ನೀರು ಹೊಯ್ದು ಮಣ್ಣನ್ನು ಇಳಿಸಬೇಕು. ಬಟ್ಟೆ ತೊಳೆಯುವ ಪುಡಿಯನ್ನು ಬಳಸುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಅದು ಕ್ಷಾರಗುಣದ್ದಾದ್ದರಿಂದ ಹಚ್ಚಿದ ಮೇಣವನ್ನೇ ಕಿತ್ತುಹಾಕುತ್ತದೆ. ಕಾರಿಗೆಂದೇ ತಯಾರಾದ ಶಾಂಪೂ ಒಂದು ಬಕೆಟ್ಟಿನಲ್ಲಿ, ಕೈಗವಸು ಜಾಲಿಸಲು ಬರೀ ನೀರು ಇನ್ನೊಂದು ಬಕೆಟ್ಟಿನಲ್ಲಿ ಇರಲಿ. ಹೊಳಪು ಬರುವುದೆಂದು ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಒರೆಸುವವರೂ ಇದ್ದಾರೆ. ಆ ಹೊಳಪು ಸಂಜೆಯವರೆಗೂ ಇರುವುದಿಲ್ಲ. ಜಿಡ್ಡಿಗೆ ಧೂಳು ಮಾತ್ರ ಚೆನ್ನಾಗಿ ಅಂಟುತ್ತದೆ.

ಈ ಭಾಗದಲ್ಲಿ ವಿಶೇಷವಾಗಿ ನೆನಪಿಡಬೇಕಾದದ್ದು ಬೋರ್‌ವೆಲ್ ನೀರು. ಗಡಸು ನೀರು ಆರಿದಾಗ ಸುಣ್ಣದಂಶದ ಬಿಳಿ ಚುಕ್ಕೆಗಳು ಉಳಿಯುತ್ತವೆ. ಮೇಣ ಹಚ್ಚಿದ ಕಾರಿನಲ್ಲಿ ನೀರು ಹರಡದೆ ಮುತ್ತಿನಂತೆ ಹನಿಗಟ್ಟುವುದು ನೋಡಲು ಚೆಂದವೇನೋ ಹೌದು. ಆದರೆ ಪ್ರತಿ ಹನಿಯೂ ಬಿಸಿಲಲ್ಲಿ ಆರಿ ಒಂದೊಂದು ಚುಕ್ಕೆಯಾಗುತ್ತದೆ. ಹೀಗಾಗಿ ಮೇಣ ಹಚ್ಚಿದ ಕಾರನ್ನೇ ತೊಳೆದ ಮೇಲೆ ಹೆಚ್ಚು ತುರ್ತಾಗಿ ಒರೆಸಬೇಕಾಗುತ್ತದೆ. ತೊಳೆಯುವುದು ಬೆಳಗಿನ ತಂಪಿನಲ್ಲಾಗಲಿ, ಒರೆಸುವ ಮೈಕ್ರೋಫೈಬರ್ ಬಟ್ಟೆ ಕೈಯಲ್ಲೇ ಇರಲಿ. ಚುಕ್ಕೆಗಳು ಆಗಿಯೇ ಬಿಟ್ಟಿದ್ದರೆ ನೀರು ಬೆರೆಸಿದ ವಿನೆಗರ್‌ನಿಂದ ಮೆಲ್ಲಗೆ ಒರೆಸಿ ಕೂಡಲೇ ತೊಳೆದರೆ ಬಹುಪಾಲು ಹೋಗುತ್ತವೆ.

ಒಣಗಿದ ಮೈಮೇಲೆ ಬೆರಳಾಡಿಸಿ ನೋಡಬೇಕು. ತರಿತರಿ ಎನಿಸಿದರೆ ಹೆದ್ದಾರಿಯ ಡಾಂಬರು, ಲೋಹದ ಕಣಗಳು ಅಂಟಿವೆಯೆಂದು ತಿಳಿಯಬೇಕು. ಅದಕ್ಕೆಂದೇ ಸಿಗುವ ಕ್ಲೇ ಉಂಡೆಯನ್ನು ಶಾಂಪೂ ನೀರಿನ ಜಾರಿಕೆಯಲ್ಲಿ ಆಡಿಸಿದರೆ ನುಣುಪಾಗುತ್ತದೆ. ಉಂಡೆ ನೆಲಕ್ಕೆ ಬಿದ್ದರೆ ಮತ್ತೆ ಬಳಸಬಾರದು. ಆನಂತರ ನೆರಳಿನಲ್ಲಿ, ಕೈಗೆ ತಂಪೆನಿಸುವ ಮೈಮೇಲೆ, ಸ್ಪಂಜಿನಿಂದ ಮೇಣವನ್ನು ಒಂದೊಂದೇ ಭಾಗಕ್ಕೆ ಸವರಬೇಕು. ದಪ್ಪ ಹಚ್ಚಿದರೆ ಹೆಚ್ಚು ರಕ್ಷಣೆ ಎಂಬುದು ತಪ್ಪು ಕಲ್ಪನೆ: ಮೈಗೆ ಅಂಟಿದಷ್ಟೇ ಉಳಿಯುತ್ತದೆ, ಮಿಕ್ಕಿದ್ದು ಬಟ್ಟೆಗೆ ಹೋಗುತ್ತದೆ. ಮಬ್ಬು ಕಟ್ಟಿದ ಮೇಲೆ ಬೆರಳಿನಿಂದ ಗೆರೆ ಎಳೆದಾಗ ಅದು ಅಂಟದೆ ಸ್ವಚ್ಛವಾಗಿ ಬಿಟ್ಟುಕೊಟ್ಟರೆ ಒರೆಸುವ ಸಮಯ. ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ತಾಗದಂತೆ ಎಚ್ಚರ ಬೇಕು. ಅಲ್ಲಿ ಬಿಳಿ ಕಲೆ ಕೂತರೆ ಬಿಡಿಸುವುದು ಕಷ್ಟ. ಗ್ಯಾರೇಜಿನಲ್ಲಿ ಹೊಸದಾಗಿ ಬಣ್ಣ ಹೊಡೆಸಿದ ಭಾಗಕ್ಕೆ ಒಂದರಿಂದ ಮೂರು ತಿಂಗಳು ಮೇಣ ಹಚ್ಚದಿರುವುದು ಒಳ್ಳೆಯದು.

ಗ್ಯಾರೇಜಿನವರಿಗೂ ಇಲ್ಲೊಂದು ಮಾತಿದೆ. ಸಿಲಿಕೋನ್ ಇರುವ ಲೇಪದ ಲವಲೇಶ ಉಳಿದರೂ ಹೊಸ ಬಣ್ಣದಲ್ಲಿ ಮೀನಿನ ಕಣ್ಣಿನಂತಹ ಕುಳಿಗಳು ಏಳುತ್ತವೆ. ಪೇಂಟಿಂಗ್ ಶೆಡ್ಡಿನಲ್ಲಿಯೇ ಸ್ಪ್ರೇ ಮೇಣ ಸಿಂಪಡಿಸುವವರು ತಮ್ಮ ಕೆಲಸವನ್ನು ತಾವೇ ಕೆಡಿಸಿಕೊಳ್ಳುತ್ತಾರೆ.

ಬೆಲೆಯ ಲೆಕ್ಕ

ಇನ್ನು ಮೂಲ ಪ್ರಶ್ನೆ. ಲೆಕ್ಕದ ಅನುಕೂಲಕ್ಕಾಗಿ 200 ಗ್ರಾಂನ ಮೂರು ಡಬ್ಬಿಗಳನ್ನು ಊಹಿಸೋಣ: ದೇಶೀಯ ಮೇಣ 600 ರೂಪಾಯಿ, ಆಮದಾದ ಕಾರ್ನೌಬಾ 3,000 ರೂಪಾಯಿ, ಮಧ್ಯಮ ಬೆಲೆಯ ಸೀಲಂಟ್ 1,000 ರೂಪಾಯಿ. ತೆಳುವಾಗಿ ಹಚ್ಚಿದರೆ ಒಂದು ಡಬ್ಬಿ ಸುಮಾರು 15 ಸಲಕ್ಕೆ ಸಾಕು. ಅಂದರೆ ಸಲಕ್ಕೆ ಕ್ರಮವಾಗಿ 40, 200 ಹಾಗೂ 67 ರೂಪಾಯಿ. ಹೆದ್ದಾರಿಯ ಧೂಳು-ಬಿಸಿಲಿನಲ್ಲಿ ಮೊದಲನೆಯದು 1 ತಿಂಗಳು, ಎರಡನೆಯದು ಉದಾರವಾಗಿ 2 ತಿಂಗಳು, ಸೀಲಂಟ್ 3 ತಿಂಗಳು ಬಾಳಿತೆಂದಿಟ್ಟುಕೊಂಡರೆ ವರ್ಷದ ವೆಚ್ಚ 480, 1,200 ಹಾಗೂ 268 ರೂಪಾಯಿಗಳಾಗುತ್ತವೆ. ಆಮದು ಮೇಣ ದೇಶೀಯ ಮೇಣಕ್ಕೆ ಸರಿಸಾಟಿಯಾಗಬೇಕಾದರೆ ಒಮ್ಮೆ ಹಚ್ಚಿದ್ದು 5 ತಿಂಗಳು ಉಳಿಯಬೇಕು. ಯಾವ ಕಾರ್ನೌಬಾದಿಂದಲೂ ಅದನ್ನು ಇಲ್ಲಿ ನಿರೀಕ್ಷಿಸಲಾಗದು.

ಆದರೆ ಹಚ್ಚುವ ಕೆಲಸಕ್ಕೆ ಕೂಲಿ ಕೊಡುವವರ ಲೆಕ್ಕ ಬೇರೆ. ಸಲಕ್ಕೆ 100 ರೂಪಾಯಿ ಕೂಲಿ ಸೇರಿಸಿದರೆ ವರ್ಷಕ್ಕೆ ದೇಶೀಯ ಮೇಣ 1,680, ಆಮದು ಮೇಣ 1,800 ರೂಪಾಯಿ; ಅಂತರ ಬಹುತೇಕ ಅಳಿಸಿಹೋಗುತ್ತದೆ. ನಾಲ್ಕಾರು ಕಾರುಗಳನ್ನಿಟ್ಟುಕೊಂಡ ಟ್ರಾವೆಲ್ಸ್ ಮಾಲೀಕನಿಗೆ 'ದುಬಾರಿಯೇ ಅಗ್ಗ' ಎಂದು ಮಾರಾಟಗಾರ ಹೇಳುವುದರಲ್ಲಿ ಇಷ್ಟರಮಟ್ಟಿಗೆ ಹುರುಳಿದೆ. ಆದರೆ ಅದೇ ಲೆಕ್ಕದಲ್ಲಿ ಸೀಲಂಟ್‌ನ ವೆಚ್ಚ ಸುಮಾರು 670 ರೂಪಾಯಿ ಮಾತ್ರ. ಹಣ ಉಳಿಸುವುದು ಬಾಳಿಕೆಯೇ ಹೊರತು ಡಬ್ಬಿಯ ಮೇಲಿನ ದೇಶದ ಹೆಸರಲ್ಲ.

ಆಮದು ಮೇಣ ನಿರರ್ಥಕವೆಂದು ಇದರ ಅರ್ಥವಲ್ಲ. ಕಪ್ಪು, ಕಡುನೀಲಿ, ಕಡುಗೆಂಪು ಕಾರನ್ನು ಶ್ರದ್ಧೆಯಿಂದ ಸಿದ್ಧಗೊಳಿಸಿ, ಒಳಗೆ ನಿಲ್ಲಿಸಿ, ಭಾನುವಾರ ಮಾತ್ರ ಹೊರತೆಗೆಯುವವರಿಗೆ ಅದರ ಆಳವಾದ ಕಾಂತಿ, ಸಲೀಸಾಗಿ ಒರೆಸಿ ಬರುವ ಗುಣ, ಅಷ್ಟೇಕೆ, ಅದರ ಸುವಾಸನೆಯೂ ಸಂತೋಷ ಕೊಡಬಹುದು. ಬಾಡಿಗೆ ಕಾರುಗಳಲ್ಲಿ ಹೆಚ್ಚಿನವು ಬಿಳಿ. ಬಿಳಿಯ ಮೇಲೆ ಆ ವ್ಯತ್ಯಾಸವನ್ನು ಗುರುತಿಸುವುದು ಹಚ್ಚಿದವನಿಗೂ ಕಷ್ಟ. ಆ ಹಣದಲ್ಲಿ ಅರ್ಧ ಡಜನ್ ಉತ್ತಮ ಮೈಕ್ರೋಫೈಬರ್ ಬಟ್ಟೆಗಳನ್ನು ಕೊಂಡರೆ ಕಾರಿಗೆ ಹೆಚ್ಚು ಹಿತ.

ವ್ಯಾಪಾರಸ್ಥರ ದೃಷ್ಟಿಯಿಂದ

ಹುಬ್ಬಳ್ಳಿಯ ಸಗಟು ಪೇಟೆಯಿಂದ ಸರಕು ತಂದು ಮಾರುವ ತಡಸ-ಶಿಗ್ಗಾವಿಯ ಚಿಲ್ಲರೆ ವ್ಯಾಪಾರಿಗಳು ವಿದೇಶಿ ಹೆಸರುಳ್ಳದ್ದೆಲ್ಲವೂ ಆಮದಲ್ಲವೆಂಬುದನ್ನು ಗಮನಿಸಬೇಕು. 1901ರಲ್ಲಿ ಅಮೆರಿಕದಲ್ಲಿ ಪೀಠೋಪಕರಣದ ಪಾಲಿಶ್‌ನಿಂದ ಆರಂಭವಾದ ಮೆಗ್ವಯರ್ಸ್ ಸಂಸ್ಥೆ 2008ರಲ್ಲಿ ತ್ರೀ ಎಂ ಕಂಪನಿಯ ವಶವಾಯಿತು. ಆ ತ್ರೀ ಎಂ ಕಂಪನಿಯ ಭಾರತೀಯ ಅಂಗದ ಕೇಂದ್ರ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಕೋಲ್ಕತ್ತದ ವ್ಯಾಕ್ಸ್‌ಪೋಲ್‌ನಂತಹ ಹಳೆಯ ದೇಶೀಯ ಹೆಸರುಗಳೂ ಪೇಟೆಯಲ್ಲಿವೆ. ಯಾವುದು ಎಲ್ಲಿ ತಯಾರಾಯಿತೆಂದು ತಿಳಿಯಲು ಲೇಬಲ್ಲನ್ನೇ ಓದಬೇಕು.

ವಾಹನದ ಮೈಗೆ ಬಳಸುವ ಪಾಲಿಶ್‌ಗಳು ಸುಂಕದ ಪಟ್ಟಿಯಲ್ಲಿ 3405 30 ಎಂಬ ಶೀರ್ಷಿಕೆಯಡಿ ಬರುತ್ತವೆ. 2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಆಮದು ಪೊಟ್ಟಣದ ಮೇಲೆ ಆಮದುದಾರರ ಹೆಸರು-ವಿಳಾಸ, ತಯಾರಾದ ದೇಶ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ನಮೂದಾಗಿರಬೇಕು. ಇವಿಲ್ಲದ 'ವಿದೇಶಿ ಮಾಲು' ಯಾರದೋ ಪೆಟ್ಟಿಗೆಯಲ್ಲಿ ಬಂದದ್ದೋ ನಕಲಿಯೋ ತಿಳಿಯದು. ತಪಾಸಣೆಯ ವೇಳೆ ಉತ್ತರ ಕೊಡಬೇಕಾದವನು ಅಂಗಡಿಕಾರ. ಮೇಣದ ಡಬ್ಬಿಯಲ್ಲಿ ದ್ರಾವಕದ ಪಾಲು ದೊಡ್ಡದಾದ್ದರಿಂದ ತಗಡಿನ ಛಾವಣಿಯ ಅಂಗಡಿಯಲ್ಲಿ ಎರಡು ಬೇಸಿಗೆ ಕಳೆದ ದುಬಾರಿ ಡಬ್ಬಿ ಒಣಗಿ ಬಿರುಕು ಬಿಡುವುದೂ ಉಂಟು. ನಿಧಾನವಾಗಿ ಖರ್ಚಾಗುವ ಊರಿನಲ್ಲಿ ಅಂಥವನ್ನು ಮುಂಗಡ ಬೇಡಿಕೆಯ ಮೇಲೆ ಮಾತ್ರ ತರಿಸಿಕೊಡುವುದು ಸೂಕ್ತ. ಗಿರಾಕಿಗೆ ಮಾದರಿ ತೋರಿಸಬೇಕೆಂದರೆ ಬಾನೆಟ್ಟಿನ ನಡುವೆ ಕಾಗದದ ಟೇಪು ಅಂಟಿಸಿ ಒಂದು ಬದಿಗೆ ಒಂದನ್ನು, ಇನ್ನೊಂದು ಬದಿಗೆ ಮತ್ತೊಂದನ್ನು ಹಚ್ಚಿಕೊಟ್ಟು, ತಿಂಗಳಾದ ಮೇಲೆ ನೀರು ಸುರಿದು ಯಾವ ಬದಿಯಲ್ಲಿ ಹನಿಗಟ್ಟುತ್ತದೆಂದು ನೋಡಲು ಹೇಳಿದರೆ ಸಾಕು.