ಗುರುವಿನ ಮತ್ಸರ, ಶಿಷ್ಯನ ನೆಮ್ಮದಿ

ಫಲಿತಾಂಶದ ದಿನ ಅಂಕಪಟ್ಟಿ ಕೈಗೆ ಬಂದ ಕೂಡಲೆ ವಿದ್ಯಾರ್ಥಿ ಮೊದಲು ನೋಡುವುದು ತನ್ನ ಅಂಕ. ಮರುಕ್ಷಣವೇ ಕೇಳುವುದು ಪಕ್ಕದವನ ಅಂಕ. ತನಗೆ ಎಂಬತ್ತೈದು ಬಂದ ಸಂತೋಷ, ಗೆಳೆಯನಿಗೆ ತೊಂಬತ್ತು ಬಂದಿದೆ ಎಂದು ತಿಳಿದೊಡನೆ ಇಳಿದುಹೋಗುತ್ತದೆ. ಗೆಳೆಯನ ತೊಂಬತ್ತು ಇವನ ಎಂಬತ್ತೈದರಲ್ಲಿ ಒಂದಂಕವನ್ನೂ ಕಿತ್ತುಕೊಂಡಿಲ್ಲ. ಆದರೂ ಏನನ್ನೋ ಕಳೆದುಕೊಂಡವನಂತೆ ಮುಖ ಬಾಡುತ್ತದೆ. ಮನೆಗೆ ಬಂದರೆ ‘ಎದುರು ಮನೆ ಹುಡುಗಿಗೆ ಎಷ್ಟು ಬಂತು?’ ಎಂಬ ಪ್ರಶ್ನೆ ಬಾಗಿಲಲ್ಲೇ ಕಾದಿರುತ್ತದೆ.

ಇದು ಚಿಕ್ಕವರ ಕಾಯಿಲೆಯೆಂದು ತಿಳಿಯಬೇಕಾಗಿಲ್ಲ. ಲೋಕವೇ ಕೊಂಡಾಡಿದ ವಿಜ್ಞಾನಿಗಳನ್ನೂ ಇದು ಬಿಟ್ಟಿಲ್ಲ. ಸರ್ ಹಂಫ್ರಿ ಡೇವಿ ಮತ್ತು ಅವನ ಶಿಷ್ಯ ಮೈಕೆಲ್ ಫ್ಯಾರಡೆಯ ಕಥೆ ಇದಕ್ಕೊಂದು ನಿದರ್ಶನ. ಈ ಕಾಯಿಲೆಗೆ ಮದ್ದು ಎಲ್ಲಿ ಸಿಕ್ಕೀತೆಂಬುದನ್ನೂ ಅದೇ ಕಥೆ ತೋರಿಸುತ್ತದೆ.

ಬೈಂಡಿಂಗ್ ಅಂಗಡಿಯ ಹುಡುಗ

ಫ್ಯಾರಡೆ ಹುಟ್ಟಿದ್ದು 1791ರಲ್ಲಿ, ಲಂಡನ್ನಿನ ಹೊರವಲಯದಲ್ಲಿ. ತಂದೆ ಕಮ್ಮಾರ, ಅದರಲ್ಲೂ ರೋಗಿಷ್ಠ. ಮನೆಯಲ್ಲಿ ಕಡುಬಡತನ. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಒಂದಿಷ್ಟು ಲೆಕ್ಕ. ಹದಿನಾಲ್ಕನೆಯ ವಯಸ್ಸಿನಲ್ಲಿ ಪುಸ್ತಕ ಬೈಂಡಿಂಗ್ ಅಂಗಡಿಯೊಂದರಲ್ಲಿ ಏಳು ವರ್ಷದ ಕೆಲಸ ಕಲಿಕೆಗೆ ಸೇರಿದ. ಹೊಲಿಯಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನದ ರುಚಿ ಹತ್ತಿಸಿಕೊಂಡ.

1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಡೇವಿಯ ಉಪನ್ಯಾಸಗಳನ್ನು ಕೇಳುವ ಅವಕಾಶ ದೊರೆಯಿತು. ಬರೆದುಕೊಂಡ ಟಿಪ್ಪಣಿಗಳನ್ನು ತಾನೇ ಅಂದವಾಗಿ ಬೈಂಡು ಮಾಡಿ ಡೇವಿಗೆ ಕಳುಹಿಸಿ, ಕೆಲಸ ಕೇಳಿದ. 1813ರ ಮಾರ್ಚಿಯಲ್ಲಿ ಪ್ರಯೋಗಶಾಲೆಯ ಸಹಾಯಕನಾಗಿ ಸೇರಿಕೊಂಡ. ಅದೇ ವರ್ಷ ಡೇವಿ ದಂಪತಿಗಳೊಂದಿಗೆ ಯುರೋಪ್ ಪ್ರವಾಸ ಹೊರಟಾಗ, ಶ್ರೀಮತಿ ಡೇವಿ ಅವನನ್ನು ಮನೆಯಾಳಿನಂತೆಯೇ ನಡೆಸಿಕೊಂಡಳು. ಮನನೊಂದು ಹಿಂತಿರುಗಿ ಹೋಗುವ ಯೋಚನೆಯೂ ಬಂದಿತ್ತು. ಕಲಿಯುವ ಆಸೆಗಾಗಿ ಸಹಿಸಿಕೊಂಡ.

ತಿರುಗಿದ ತಂತಿ, ತಿರುಗಿದ ಮನಸ್ಸು

1821ರ ಸೆಪ್ಟೆಂಬರ್‌ನಲ್ಲಿ ಫ್ಯಾರಡೆ ಒಂದು ಪ್ರಯೋಗ ಮಾಡಿದ. ಪಾದರಸ ತುಂಬಿದ ಬಟ್ಟಲಿನಲ್ಲಿ ಒಂದು ಅಯಸ್ಕಾಂತ; ಮೇಲಿನಿಂದ ಇಳಿಬಿಟ್ಟ ತಂತಿಯ ತುದಿ ಪಾದರಸಕ್ಕೆ ತಾಗಿಕೊಂಡಿದೆ. ತಂತಿಯಲ್ಲಿ ವಿದ್ಯುತ್ ಹರಿದೊಡನೆ ಅದು ಅಯಸ್ಕಾಂತದ ಸುತ್ತ ಗಿರಗಿರನೆ ತಿರುಗತೊಡಗಿತು. ಇಂದು ಮನೆಮನೆಯಲ್ಲಿ ತಿರುಗುವ ಫ್ಯಾನಿನ ಮೂಲತತ್ತ್ವ ಇದೇ.

ಇಂತಹ ತಿರುಗುವಿಕೆಗಾಗಿ ಡೇವಿ ಮತ್ತು ಅವನ ಮಿತ್ರ ವೊಲಾಸ್ಟನ್ ಕೆಲವೇ ತಿಂಗಳ ಹಿಂದೆ ಬೇರೊಂದು ವಿಧಾನದಲ್ಲಿ ಯತ್ನಿಸಿ ಸೋತಿದ್ದರು. ಫ್ಯಾರಡೆ ಅವಸರದಲ್ಲಿ ಪ್ರಬಂಧ ಪ್ರಕಟಿಸಿದ. ಅವರ ಹೆಸರನ್ನು ಸೇರಿಸಲಿಲ್ಲ. ಅದು ಅವನ ತಪ್ಪು. ಆದರೆ ಹಬ್ಬಿದ ಮಾತು ಅದಕ್ಕಿಂತ ದೊಡ್ಡದು: ‘ದೊಡ್ಡವರ ವಿಚಾರವನ್ನು ಹುಡುಗ ಕದ್ದ.’ ಫ್ಯಾರಡೆ ನೇರವಾಗಿ ವೊಲಾಸ್ಟನ್‌ಗೇ ಪತ್ರ ಬರೆದು ಮಾತುಕತೆಗೆ ಅವಕಾಶ ಕೇಳಿದ. 1823ರಲ್ಲಿ ನಡೆದುದನ್ನೆಲ್ಲ ಕ್ರಮವಾಗಿ ಬರೆದು ಪ್ರಕಟಿಸಿದ.

ಆ ವರ್ಷವೇ ಗೆಳೆಯರು ಅವನ ಹೆಸರನ್ನು ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಸೂಚಿಸಿದರು. ಸಹಿ ಹಾಕಿದವರಲ್ಲಿ ವೊಲಾಸ್ಟನ್‌ನೂ ಇದ್ದ! ವಿರೋಧಿಸಿದವನು ಸೊಸೈಟಿಯ ಅಧ್ಯಕ್ಷನಾಗಿದ್ದ ಡೇವಿ. ಸೂಚನಾಪತ್ರವನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆ ಶಿಷ್ಯನಿಗೆ ಹೇಳಿದ. ಹಾಕಿದವನು ತಾನಲ್ಲ, ತೆಗೆಯಲಾರೆ ಎಂದ ಫ್ಯಾರಡೆ. ಹಾಗಾದರೆ ಅಧ್ಯಕ್ಷನಾದ ತಾನೇ ತೆಗೆಸುವೆನೆಂದ ಡೇವಿ. ಸೊಸೈಟಿಗೆ ಯಾವುದು ಒಳ್ಳೆಯದೋ ಅದನ್ನೇ ತಾವು ಮಾಡುವಿರೆಂದು ನಂಬಿದ್ದೇನೆ ಎಂದಷ್ಟೇ ಫ್ಯಾರಡೆ ಉತ್ತರಿಸಿದ. 1824ರ ಜನವರಿ 8ರಂದು ಗುಪ್ತ ಮತದಾನದಲ್ಲಿ ಅವನು ಆಯ್ಕೆಯಾದ. ವಿರುದ್ಧ ಬಿದ್ದ ಕರಿಗುಂಡು ಒಂದೇ ಒಂದು.

ಡೇವಿ ಸಾಮಾನ್ಯನಲ್ಲ. ಮರಗೆತ್ತನೆ ಮಾಡುವವನ ಮಗನಾಗಿ ಹುಟ್ಟಿ, ಸ್ವಂತ ಪ್ರತಿಭೆಯಿಂದ ಮೇಲೇರಿದವನು. ಸೋಡಿಯಂ, ಪೊಟ್ಯಾಸಿಯಂ ಧಾತುಗಳನ್ನು ಮೊದಲು ಬೇರ್ಪಡಿಸಿದವನು. ಗಣಿ ಕಾರ್ಮಿಕರ ಜೀವ ಕಾಯುವ ದೀಪ ಕೊಟ್ಟವನು. ಅವನ ವಿರೋಧಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು. 1825ರಲ್ಲಿ ಫ್ಯಾರಡೆಯನ್ನು ಪ್ರಯೋಗಶಾಲೆಯ ನಿರ್ದೇಶಕನನ್ನಾಗಿ ಮಾಡಲು ಶಿಫಾರಸು ಮಾಡಿದವನೂ ಅವನೇ. ಆದರೂ ಕೀರ್ತಿಯ ತುದಿಯಲ್ಲಿದ್ದ ಗುರುವಿಗೆ ಶಿಷ್ಯನ ಏಳಿಗೆ ಕಣ್ಣಿಗೆ ಚುಚ್ಚಿದ್ದು ನಿಜ. ಎಷ್ಟು ಎತ್ತರಕ್ಕೇರಿದರೂ ಹೋಲಿಕೆಯ ಕಾಟ ತಪ್ಪುವುದಿಲ್ಲವೆಂದಾಯಿತು.

ಚಿಕ್ಕ ಸಭೆಯ ದೊಡ್ಡ ಪಾಠ

ಫ್ಯಾರಡೆಯ ಮನೆಯವರು ಸ್ಯಾಂಡೆಮೇನಿಯನ್ ಎಂಬ ಸಣ್ಣ ಕ್ರೈಸ್ತ ಪಂಥಕ್ಕೆ ಸೇರಿದವರು. ಲಂಡನ್ನಿನ ಒಂದು ಓಣಿಯಲ್ಲಿ ಅವರ ಸಾದಾ ಪ್ರಾರ್ಥನಾ ಮಂದಿರವಿತ್ತು. ಸಂಬಳದ ಪಾದ್ರಿಯಿಲ್ಲ, ಸಭೆಯವರೇ ಆರಿಸಿದ ಹಿರಿಯರು ಬೋಧಿಸುತ್ತಿದ್ದರು. ಭಾನುವಾರ ಪ್ರಾರ್ಥನೆಯ ನಡುವೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದರು. ಹಣ ಕೂಡಿಡುವುದು ಅವರಿಗೆ ಸಮ್ಮತವಲ್ಲ. 1821ರ ಜುಲೈನಲ್ಲಿ, ಆ ಪ್ರಖ್ಯಾತ ಪ್ರಯೋಗಕ್ಕೆ ಎರಡು ತಿಂಗಳು ಮೊದಲು, ಫ್ಯಾರಡೆ ತನ್ನ ವಿಶ್ವಾಸವನ್ನು ಸಭೆಯ ಮುಂದೆ ಅರಿಕೆ ಮಾಡಿಕೊಂಡು ಸದಸ್ಯನಾದ. ಮುಂದೆ ಸಭಾಹಿರಿಯನೂ ಆಗಿ ಬೋಧಿಸಿದ. ಬಡವರನ್ನೂ ರೋಗಿಗಳನ್ನೂ ಹೋಗಿ ಕಂಡ.

ಅವನು ಕೈಯಿಂದ ಬಿಡದೆ ಓದುತ್ತಿದ್ದ ಬೈಬಲ್ ಮತ್ಸರದ ಬಗ್ಗೆ ಮತ್ತೆ ಮತ್ತೆ ಎಚ್ಚರಿಸುತ್ತದೆ. ಅದರಲ್ಲಿ ಬರುವ ಮೊದಲ ಕೊಲೆಯೇ ತಮ್ಮನ ಮೇಲಿನ ಅಣ್ಣನ ಹೊಟ್ಟೆಕಿಚ್ಚಿನಿಂದ ನಡೆದದ್ದು. ಯೇಸು ಹೇಳಿದ ದ್ರಾಕ್ಷಿತೋಟದ ಸಾಮ್ಯದಲ್ಲಿ, ಬೆಳಿಗ್ಗೆ ಬಂದ ಕೂಲಿಯಾಳುಗಳಿಗೆ ಒಪ್ಪಿದ ಕೂಲಿ ಪೂರ್ತಿ ಸಿಗುತ್ತದೆ. ಸಂಜೆ ಬಂದವರಿಗೂ ಅಷ್ಟೇ ಸಿಕ್ಕಿತೆಂದು ನೋಡಿ ಅವರು ಗೊಣಗುತ್ತಾರೆ. ಅವರ ಕೈಯ ನಾಣ್ಯ ಕಡಿಮೆಯಾಗಿರಲಿಲ್ಲ. ಕಣ್ಣು ಮಾತ್ರ ಪಕ್ಕದವನ ಕೈಯ ಮೇಲಿತ್ತು. ಎಂಬತ್ತೈದು ಅಂಕದ ಹುಡುಗನ ಸಂಕಟವೂ ಇದೇ ಅಲ್ಲವೆ? ಇನ್ನು ಸಂತ ಪೌಲ ಸಭೆಯನ್ನು ದೇಹಕ್ಕೆ ಹೋಲಿಸುತ್ತಾನೆ: ಕಣ್ಣಿನ ಕೆಲಸ ಕಣ್ಣಿಗೆ, ಕೈಯ ಕೆಲಸ ಕೈಗೆ, ಒಂದಕ್ಕೆ ಮಾನ ಬಂದರೆ ಎಲ್ಲಕ್ಕೂ ಸಂತೋಷ.

ಇದನ್ನು ನಿಜವಾಗಿ ನಂಬಿದವನಿಗೆ ಪ್ರತಿಭೆ ಸ್ವಂತ ಆಸ್ತಿಯಲ್ಲ, ದೇವರು ಕೊಟ್ಟ ವರ. ಇನ್ನೊಬ್ಬನ ವರ ತನಗಾದ ನಷ್ಟವಲ್ಲ. ತನ್ನ ಬೆಲೆ ಕಟ್ಟುವವರು ಸೊಸೈಟಿಯ ಅಧ್ಯಕ್ಷರೂ ಅಲ್ಲ, ಕರಿಗುಂಡು ಹಾಕಿದವರೂ ಅಲ್ಲ. ಫ್ಯಾರಡೆಯ ನೆಮ್ಮದಿಯ ಬೇರು ಇಲ್ಲಿತ್ತು. 1854ರಲ್ಲಿ ಮನಸ್ಸಿನ ಶಿಕ್ಷಣ ಕುರಿತು ಮಾಡಿದ ಉಪನ್ಯಾಸದಲ್ಲಿ, ಅದರ ಮೊದಲ ಮೆಟ್ಟಿಲೂ ಕೊನೆಯ ಮೆಟ್ಟಿಲೂ ವಿನಯವೇ ಎಂದು ಅವನು ಹೇಳಿದ.

ಅದೇ ಪರೀಕ್ಷೆ ಶಿಷ್ಯನಿಗೆ

ಕಾಲ ಉರುಳಿತು. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದು ಫ್ಯಾರಡೆ ಗುರುವಿಗಿಂತ ದೊಡ್ಡ ಹೆಸರು ಪಡೆದ. ಆಗ ಡೇವಿಗೆ ಬಂದಿದ್ದ ಪರೀಕ್ಷೆ ಅವನಿಗೂ ಬಂತು. ಫ್ಯಾರಡೆಗೆ ಉನ್ನತ ಗಣಿತ ಬಾರದು. ಅಯಸ್ಕಾಂತದ ಸುತ್ತಲಿನ ಬಲರೇಖೆಗಳನ್ನು ಅವನು ಚಿತ್ರವಾಗಿ ಕಂಡನೇ ಹೊರತು ಸಮೀಕರಣವಾಗಿ ಅಲ್ಲ. ಆ ಬಲರೇಖೆಗಳನ್ನು ಗಣಿತದ ಭಾಷೆಯಲ್ಲಿ ನಿರೂಪಿಸಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಎಂಬ ತರುಣ ಅವನಿಗೆ ಪ್ರಬಂಧ ಕಳುಹಿಸಿದ. 1857ರ ಮಾರ್ಚಿಯಲ್ಲಿ ಫ್ಯಾರಡೆಗೆ 65, ಮ್ಯಾಕ್ಸ್‌ವೆಲ್‌ಗೆ 25.

ತನ್ನ ಹೊಲದಲ್ಲಿ ಇನ್ನೊಬ್ಬ ಕೊಯ್ಲು ಮಾಡಿದನೆಂದು ಫ್ಯಾರಡೆ ಕೊರಗಲಿಲ್ಲ. ಇಷ್ಟೊಂದು ಗಣಿತ ಕಂಡು ಮೊದಲು ಹೆದರಿಕೆಯೇ ಆಯಿತು, ವಿಷಯ ಅದನ್ನು ಚೆನ್ನಾಗಿ ತಾಳಿಕೊಂಡದ್ದು ನೋಡಿ ಆಶ್ಚರ್ಯವಾಯಿತು ಎಂದು ಧನ್ಯವಾದ ಹೇಳಿ ಬರೆದ. ಆ ವರ್ಷವೇ ಇನ್ನೊಂದು ಪತ್ರದಲ್ಲಿ, ಗಣಿತಜ್ಞರು ತಮ್ಮ ತೀರ್ಮಾನಗಳನ್ನು ತನ್ನಂಥವರಿಗೂ ಅರ್ಥವಾಗುವ ಮಾತಿನಲ್ಲಿ ಹೇಳಬಾರದೆ ಎಂದು ಕೇಳಿದ. ತನಗಿಂತ ಎಷ್ಟೋ ಕಿರಿಯನ ಮುಂದೆ ‘ನನಗೆ ಇದು ಬಾರದು’ ಎಂದು ಒಪ್ಪಿಕೊಳ್ಳಲು ಅವನಿಗೆ ನಾಚಿಕೆಯಾಗಲಿಲ್ಲ. ಇಂದು ರೇಡಿಯೋ ಅಲೆಗಳ ಪಾಠ ಶುರುವಾಗುವುದೇ ಈ ಇಬ್ಬರ ಹೆಸರಿನಿಂದ.

ರಾಯಲ್ ಸೊಸೈಟಿಯ ಅಧ್ಯಕ್ಷಪದವಿ ತಾನಾಗಿ ಬಂದಾಗ ಫ್ಯಾರಡೆ ಒಲ್ಲೆನೆಂದ. ಕೊನೆಯವರೆಗೂ ಬರೀ ಮೈಕೆಲ್ ಫ್ಯಾರಡೆಯಾಗಿಯೇ ಇರಲು ಬಯಸಿದ. 1867ರಲ್ಲಿ ತೀರಿಕೊಂಡಾಗ, ಇಚ್ಛೆಯಂತೆ ಹೈಗೇಟ್ ಸ್ಮಶಾನದಲ್ಲಿ ಸಾದಾ ಸಮಾಧಿಯೇ ಆಯಿತು.

ಮಕ್ಕಳು ಪೈಪೋಟಿಯಿಲ್ಲದೆ ಬೆಳೆಯಲಾರರು. ಓಟದಲ್ಲಿ ಪಕ್ಕದವನ ವೇಗ ಕಂಡು ಕಾಲು ಚುರುಕಾದರೆ ತಪ್ಪಿಲ್ಲ. ಅವನು ಎಡವಿ ಬೀಳಲೆಂದು ಮನಸ್ಸು ಬಯಸಿದರೆ ಅಲ್ಲಿ ರೋಗ ಶುರುವಾಯಿತು. ಫ್ಯಾರಡೆಗೆ ಮದ್ದು ಸಿಕ್ಕಿದ್ದು ಅವನ ಕ್ರಿಸ್ತವಿಶ್ವಾಸದಲ್ಲಿ. ಫಲಿತಾಂಶದ ದಿನ ಮನೆಯ ಬಾಗಿಲಲ್ಲಿ ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ ಎದುರು ಮನೆಯ ಹುಡುಗಿಯದಾಗದೆ ತಮ್ಮ ಮಗುವಿನದೇ ಆದರೆ, ಆ ಮದ್ದಿನ ಮೊದಲ ಗುಟುಕನ್ನು ಮಗು ಅಲ್ಲಿಯೇ ಕುಡಿದೀತು. ಗೆಳೆಯನ ತೊಂಬತ್ತಕ್ಕೆ ಕೈಕುಲುಕಿ ಬರಲು ಅದಕ್ಕೆ ಆಗ ಕಷ್ಟವಾಗಲಾರದು.